ಮೂರನೆಯ ಮೊಟ್ಟೆ

ದುರ್ಬೀನಿನ ಗಾಜಿನ ಮೇಲೆ ಕೂತದ್ದು ಮಂಜೋ ತನ್ನದೇ ಉಸಿರೋ, ಮರ್ಸಲಿ ತೋಳಿನಿಂದ ಒರೆಸಿದಳು, ಸರೋವರದಾಚೆಯ ಪೈನ್ ಮರ ಮತ್ತೆ ಮೂಡಿತು, ನೆತ್ತಿಯ ಗೂಡಲ್ಲಿ ಹೆಣ್ಣು ಮೀನುಗಿಡುಗ ಎದ್ದಿತು, ಉಗುರು ತಾಗದಂತೆ ಕಾಲು ಮುಷ್ಟಿ ಕಟ್ಟಿ, ಕೊಕ್ಕಿನಿಂದ ಮೊಟ್ಟೆಯನ್ನು ಮೆಲ್ಲಗೆ ಹೊರಳಿಸಿ ಮತ್ತೆ ಕೂತಿತು — ಜೂನ್ ಮುಗಿಯುತ್ತ ಬಂತು, ಈಗ ಮೊಟ್ಟೆ ಇರಬಾರದು, ಮರಿ ಇರಬೇಕು, ಇಷ್ಟು ವರ್ಷ ಈ ಗೂಡು ಕಾದ ಟಾರ್ಕಿಲ್ ತಾತನ ಪಾಲಿಗೆ ಎರಡು ಮರಿ ಇವೆ, ತಾತ ಇನ್ನೇನು ಬರುತ್ತಾನೆ, ಆಸ್ಪತ್ರೆಯಿಂದ ನೇರ ಈ ಕಾವಲು ಗುಡಿಸಲಿಗೇ, ನಿನ್ನೆ ಅವನ ಮಗಳು ಮೂರಿಯಲ್ ಫೋನಲ್ಲಿ ನಗುತ್ತಿದ್ದಳು, ಅಪ್ಪನಿಗೆ ನಮ್ಮ ಮುಖ ನೋಡಿ ಸಾಕಾಗಿದೆಯಂತೆ ಕಣೇ, ನಿನ್ನ ಮರಿಗಳನ್ನ ನೋಡ್ಬೇಕಂತೆ. ನಿನ್ನ ಮರಿಗಳು. ಹೌದು, ತನ್ನವೇ, ಬೇರೆ ಯಾರವು — ಮಾರ್ಚಿನಲ್ಲಿ ಹಿಮದ ತುಂತುರಿತ್ತು, ಆಫ್ರಿಕಾದಿಂದ ಮರಳಿದ ಗಂಡಿನ ಕಾಲಲ್ಲಿ ಗುರುತಿನ ನೀಲಿ ಉಂಗುರ ಕಂಡಿತು, ಅದರ ಮೇಲಿನ ಅಕ್ಷರ ಕಂಡಿತೇ, ಕಂಡಂತಾಯಿತೇ, ಉಂಗುರ ಮೊದಲು ಓದಿದವರು ಕಾವಲು ಪುಸ್ತಕದಲ್ಲಿ ಬರೆದರೆ ಮುಗಿಯಿತು, ಇಲ್ಲಿ ಇನ್ನೊಬ್ಬರು ಕೆದಕುವುದಿಲ್ಲ, ಬರೆದಳು, ಅದೇ ಹಕ್ಕಿ, ಹದಿನಾಲ್ಕು ವರ್ಷದ ಹಿಂದೆ ಮರಿಯಾಗಿದ್ದಾಗ ತಾತ ತನ್ನ ಕೈಯಾರೆ ಉಂಗುರ ತೊಡಿಸಿದ್ದು, ಅವನು ಬಂದ ತಾತ ಅಂತ ಆಸ್ಪತ್ರೆಗೆ ಓಡಿದಳು, ಅರ್ಧ ಮೈ ಬಿದ್ದುಹೋದ ತಾತ ಆವತ್ತು ಮೊದಲ ಸಲ ತಾನೇ ಚಮಚ ಹಿಡಿದ. ಮೊಟ್ಟೆ ಮೂರಾದವು. ಏಪ್ರಿಲ್ ಕೊನೆಗೆ ಗೂಡಿಗೆ ಇನ್ನೊಬ್ಬ ಗಂಡು ಬಂದ, ಅವನ ಕಾಲಲ್ಲೂ ನೀಲಿ ಉಂಗುರ, ಬಿಸಿಲಿತ್ತು, ಅಕ್ಷರ ನಿಚ್ಚಳ, ಇವನೇ ತಾತನವನು, ಹಾಗಾದರೆ ಅವನು ಯಾರು, ತಾನು ಓದಿದ್ದೇನು, ಬಂದವನೇ ಮಾರ್ಚಿನವನನ್ನು ಅಟ್ಟಿ, ತನ್ನದಲ್ಲದ ಮೊಟ್ಟೆಗಳನ್ನು ಗೂಡಿನಂಚಿಂದ ಒದ್ದ, ಒಂದು, ಎರಡು, ಮೂರನೆಯದು ಹೇಗೋ ಉಳಿಯಿತು, ಜಗಳ ಮುಗಿಯುವ ಹೊತ್ತಿಗೆ ಅದೂ ತಣ್ಣಗಾಗಿತ್ತು, ಹೆಣ್ಣು ಬಂದು ಅದರ ಮೇಲೆ ಕೂತಿತು. ಇದನ್ನು ತಾತನಿಗೆ ಹೇಗೆ ಹೇಳುವುದು, ನೀನು ಉಂಗುರ ತೊಡಿಸಿದವನೇ ಕೊಂದ ಅಂತಲೋ, ನಾನು ಸುಳ್ಳು ಬರೆದೆ ಅಂತಲೋ, ತಾತ ಆಗಷ್ಟೇ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಿದ್ದ, ಮೊಟ್ಟೆ ಒಡೆದು ಮರಿ ಬಂದವಾ ಮಗಳೇ ಅಂದ — ಚಿಕ್ಕವಳಿದ್ದಾಗ ತನಗೆ ಅಳು ಬಂದರೆ ಅಜ್ಜಿ ಕಥೆಯ ಕೊನೆ ತಿರುಗಿಸುತ್ತಿದ್ದಳು, ಬೆನ್ನೇರಿದವರನ್ನು ಮುಳುಗಿಸುವ ಸರೋವರದ ಮಾಯಾಕುದುರೆ ಹುಡುಗಿಯನ್ನು ಮಾತ್ರ ಮುಳುಗಿಸದೆ ದಡಕ್ಕೆ ತಂದು ಬಿಡುತ್ತಿತ್ತು — ಎರಡು ಬಂದವು ತಾತ, ಅಂದುಬಿಟ್ಟಳು. ದೊಡ್ಡದು ಜಗಳಗಂಟ, ಚಿಕ್ಕದಕ್ಕೆ ಅಮ್ಮ ಟ್ರೌಟ್ ಮೀನಿನ ಚೂರು ಬೇರೆಯಾಗಿಯೇ ಕೊಡುತ್ತೆ. ಅವಳ ಮಾತಲ್ಲೇ ವಾರವಾರ ಬೆಳೆದವು, ರೆಕ್ಕೆ ಮೂಡಿತು, ಕೆಲವು ಬೆಳಿಗ್ಗೆ ಅವಳಿಗೇ ಗೂಡಿನಂಚಲ್ಲಿ ಎರಡು ತಲೆ ಕಂಡಂತಾಗುತ್ತಿತ್ತು, ಈಗಲೂ, ಅಲ್ಲಿ, ಇಲ್ಲ, ಅದು ಕಡ್ಡಿ, ಕಡ್ಡಿಯೇ ತಾನೇ. ಗಾಲಿಕುರ್ಚಿ ಹಲಗೆಯ ಮೇಲೆ ಗಡಗಡ ಅಂದಿತು, ಮೂರಿಯಲ್ ಏದುಸಿರು ಬಿಡುತ್ತ, ದಾರಿಯುದ್ದಕ್ಕೂ ಬೈಸಿಕೊಂಡೆ ಕಣೇ, ದನ ಓಡಿಸೋ ಹಾಗೆ ತಳ್ತೀನಂತೆ, ತಾತ ಬಾಗಿಲಲ್ಲೇ ಪಕ್ಕಕ್ಕೆ ಸರಿ ಅಂತ ಸ್ವಾಧೀನವಿದ್ದ ಕೈ ಚಾಚಿದ, ಈಗ ಹೇಳಬೇಕು, ತಾತ ಒಂದ್ನಿಮಿಷ, ಅಂದಳೋ, ಅನ್ನಲಿಲ್ಲವೋ, ಅವನ ಕಣ್ಣು ಆಗಲೇ ಗಾಜಿಗೆ ಅಂಟಿತ್ತು. ಅವನು ನೋಡಿದ. ನೋಡುತ್ತಲೇ ಇದ್ದ. ಮೂರಿಯಲ್ ಮರಿ ದಪ್ಪ ಆಗಿವೆಯಾ ಅಪ್ಪ ಅಂದಳು, ತಾತನ ಸ್ವಾಧೀನವಿದ್ದ ಕೈ ಮೊಣಕಾಲ ಮೇಲೆ ಮೆಲ್ಲಗೆ ಮುಷ್ಟಿಯಾಯಿತು, ಆಮೇಲೆ, ಕಣ್ಣು ತೆಗೆಯದೆ, ಅದು ಒಡೆಯೋದಿಲ್ಲ ಅಂತ ಅವಳಿಗೆ ಯಾರೂ ಹೇಳಿಲ್ವಾ ಮಗಳೇ — ಯಾರಿಗೆ, ಹಕ್ಕಿಗೋ, ಯಾರನ್ನು ಕೇಳುತ್ತಿದ್ದಾನೆ, ಗಾಜಿಲ್ಲದೆಯೂ ಕಾಣುತ್ತಿದೆ ಅಲ್ಲಿ, ಏಳುತ್ತದೆ, ಉಗುರು ಮಡಿಚುತ್ತದೆ, ತಣ್ಣನೆಯ ಮೊಟ್ಟೆಯನ್ನು ಹೊರಳಿಸುತ್ತದೆ, ಕೂರುತ್ತದೆ, ಏಳುತ್ತದೆ, ಹೊರಳಿಸುತ್ತದೆ