ತ್ರೇಸ್ಯಳ ಕ್ರಿಯಾಪದ

ಹೇಗೆ ಶುರುಮಾಡಲಿ? 'ತ್ರೇಸ್ಯಳಿಗೆ ಗಂಡನಿದ್ದ' ಎಂದು ಬರೆದೆ, ಹೊಡೆದುಹಾಕಿದೆ. 'ಇದ್ದಾನೆ' ಎಂದು ತಿದ್ದಿದೆ. ಅದಕ್ಕೂ ಧೈರ್ಯ ಸಾಲಲಿಲ್ಲ. (ಮೊದಲ ವಾಕ್ಯದಲ್ಲೇ ಎಡವುವ ಕಥೆಗಾರನನ್ನು ನೀವು ನಂಬಲೇಬೇಕೆಂದಿಲ್ಲ.)

೧

ಕೊಲ್ಲಂ ಹತ್ತಿರದ ತಂಗಶ್ಶೇರಿಯಲ್ಲಿ, ವಿದೇಶಕ್ಕೆ ಹೊರಟ ನರ್ಸುಗಳಿಗೆ ರಾಧಾಮಣಿ ಟೀಚರ್ ಇಂಗ್ಲಿಷ್ ಹೇಳಿಕೊಡುತ್ತಾರೆ. ಕೊನೆಯ ಬೆಂಚಿನಲ್ಲಿ, ಕನ್ನಡದಲ್ಲಿ ಕಥೆ ಬರೆಯುವ ನಾನೂ ಕೂರುತ್ತಿದ್ದೆ. ನನ್ನ ಮುಂದೆ ತ್ರೇಸ್ಯ. ಅವಳ ಗಂಡ ಸಿಲ್ವೆಸ್ಟರ್ ಹೋದ ಮಳೆಗಾಲದಲ್ಲಿ ಮೀನು ಹಿಡಿಯಲು ಹೋದವನು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

"'ಇವನು ನನ್ನ ಗಂಡ' ಅಂದ್ರೆ ನಮಗೆ ಸಾಕು. ಇಂಗ್ಲಿಷಿಗೆ ಸಾಲಲ್ಲ ಮಕ್ಕಳೇ. 'ಈಸ್' ಅನ್ನಿ, ಇಲ್ಲಾ 'ವಾಸ್' ಅನ್ನಿ. ಕ್ರಿಯಾಪದ ಇಲ್ದೆ ವಾಕ್ಯಾನೇ ಇಲ್ಲ," ಎಂದರು ಟೀಚರ್. "ತ್ರೇಸ್ಯಾ, ಬೋರ್ಡಲ್ಲಿ ಒಂದು ವಾಕ್ಯ ಬರಿ."

ಅವಳು ಬರೆದಳು: ಮೈ ಹಸ್ಬೆಂಡ್ ಕಮ್ಸ್ ಹೋಮ್ ಇನ್ ದಿ ಈವ್ನಿಂಗ್.



"ಮೋಳೇ," ಟೀಚರ್ ಮಗಳನ್ನು ಕರೆದಂತೆ ಮೆತ್ತಗೆ ಹೇಳಿದರು, "'ಕಮ್ಸ್' ಅಂದ್ರೆ ದಿನಾ ಬರ್ತಾರೆ ಅಂತಾಗತ್ತೆ."

"ದಿನಾ ಬರ್ತಾರೆ ಟೀಚರ್. ಮೈಯೆಲ್ಲಾ ಒದ್ದೆ. ಮಾತಾಡಲ್ಲ. ಮರಗೆಣಸು, ಮೀನು ಬಡಿಸಿದ್ರೆ ಸುಮ್ನೆ ನೋಡ್ತಾ ಕೂರ್ತಾರೆ."

ಟೀಚರ್ 'ಕಮ್ಸ್' ಒರೆಸಿ 'ಕೇಮ್' ಎಂದು ಬರೆದರು. ಕನಿಕರದಿಂದಲೇ.

೨

(ಇಲ್ಲಿ ತ್ರೇಸ್ಯಳಿಗೆ ಹುಚ್ಚು ಹಿಡಿಸಿದ ಕರಡೊಂದಿತ್ತು, ಹರಿದೆ. ಅವಳ ತಲೆ ಸರಿಯಾಗಿಯೇ ಇತ್ತು.)

ಮರುದಿನ ಅವಳು ಕ್ಲಾಸಿನ ಬಾಗಿಲಲ್ಲೇ ನಿಂತಳು. "ನಿನ್ನೆ ಅವ್ರು ಬರ್ಲಿಲ್ಲ. ನೀವು ಒರೆಸಿಬಿಟ್ರಿ."

"ಅದು ಬರೀ ವ್ಯಾಕರಣ ಕಣೇ."

"ಬರೀ ವ್ಯಾಕರಣ ಆದ್ರೆ ವಾಪಸ್ ಬರೀರಿ."

ಟೀಚರ್ ನಮ್ಮೆಲ್ಲರ ಮುಖ ನೋಡಿದರು. ಆಮೇಲೆ 'ಕೇಮ್' ಒರೆಸಿ 'ಕಮ್ಸ್' ಎಂದು ಬರೆದರು. ಅಕ್ಷರ ಸೊಟ್ಟಗಾದವು.

೩

ಮುಕ್ತಾಯ ಒಂದು: ಸಂಜೆ ಟೀಚರೂ ನಾನೂ ತ್ರೇಸ್ಯಳ ಮನೆಗೆ ಹೋದೆವು. ಯಾರೂ ಬರಲಿಲ್ಲ. ಅವಳು ಮನಸಾರೆ ಅತ್ತು ಹಗುರಾದಳು.

"ಚೇಟ್ಟಾ, ಯಾರನ್ನ ಸಮಾಧಾನ ಮಾಡ್ತಿದೀರಿ?" ಅಣ್ಣನನ್ನು ಕರೆದಂತೆ ಕರೆದು, ಬರೆಯುತ್ತಿರುವ ನನ್ನನ್ನು ತ್ರೇಸ್ಯ ತಡೆಯುತ್ತಾಳೆ. "ನೀವೂ ಅಲ್ಲೇ ಇದ್ರಲ್ಲ. ನಡೆದದ್ದು ಬರೀರಿ."

ಇದ್ದೆ. ಹೊರಗೆ ಇಳಿಬಿಸಿಲು. ಮಳೆಯ ಸುಳಿವೇ ಇರಲಿಲ್ಲ. ಟೀಚರೂ ನಾನೂ ಒಳಗೆ ಬೆಂಚಿನ ಮೇಲೆ ಕೂತಿದ್ದೆವು. ತ್ರೇಸ್ಯ ಅವನಿಗೆಂದು ತಟ್ಟೆ ಇಟ್ಟಳು. ಹೊಸಿಲಿನಾಚೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಟೀಚರ್ ನನ್ನ ಮಣಿಕಟ್ಟು ಹಿಡಿದುಕೊಂಡರು. 

'ಬಂದ' ಎಂದು ಬರೆದರೆ ನೀವು ನಗುತ್ತೀರಿ. 'ಬರಲಿಲ್ಲ' ಎಂದರೆ ಅವಳು ಬಿಡುವುದಿಲ್ಲ. ಪುಣ್ಯಕ್ಕೆ ಕನ್ನಡದ 'ಬರುತ್ತಾನೆ' ದಿನವೂ ಬರುವವನಿಗೂ ಆಗುತ್ತದೆ, ಇನ್ನೂ ಬರಬೇಕಾದವನಿಗೂ ಆಗುತ್ತದೆ. ನಾನು ಅದರ ಮರೆಯಲ್ಲಿ ನಿಂತುಬಿಡುತ್ತೇನೆ.

ಟೀಚರ್ ಮಾತ್ರ, ಬಾಗಿಲಿನಿಂದ ಕಣ್ಣು ಕೀಳದೆ, ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟರು.