ಭಂಡಾರ ಎತ್ತಿದ ಕೈ

ಮಾಣಿಕಪ್ರಭುವಿನ ಆಣಿ, ನಾ ಹೇಳೂ ಒಂದೊಂದ್ ಮಾತೂ ಖರೇ ಅದ — ಬಾಯಿ ಹೇಳುತ್ತಲೇ ಇದೆ, ವೈಜನಾಥ ವಕೀಲರ ಕಣ್ಣು ಮಾತ್ರ ಅಂಬುಬಾಯಿಯ ಮೊರದ ಮೇಲೆ, ತೊಗರಿ ಹಾರುತ್ತದೆ, ಬೀಳುತ್ತದೆ, ಆಕೆ ತಲೆ ಎತ್ತಳು, ನಾಡಿದ್ದು ಮತದಾನ, ಆಕೆ ತೋರಿಸಿದ ಗುರುತಿಗೇ ಈ ಓಣಿ ಮುದ್ರೆ ಒತ್ತುತ್ತದೆ, ಬರೀ ಹುಮನಾಬಾದಿನ ಪೇಟೆ ನಂಬಿಕೊಂಡರೆ ಸೋಲೇ ಗತಿ, ಐವತ್ತೇಳರಿಂದ ಅಪ್ಪ ಬಿಟ್ಟೇಳದ ಶಾಸಕನ ಕುರ್ಚಿ, ಎಂಬತ್ತಮೂರರಲ್ಲಿ ಮಗನ ಕೈಯಿಂದ ಹೋಯಿತೆಂದರೆ ಯಾವ ಮುಖ ಹೊತ್ತು ಕೋರ್ಟಿಗೆ ಮರಳುವುದು, ಅಪ್ಪ ಬಕ್ಕಪ್ಪನವರು ಇಂಥಲ್ಲಿ ಬೆವರಿದವರೇ ಅಲ್ಲ, ಕಿಸೆಯಿಂದ ಬೇಲಪತ್ರಿ, ಅರಿಷಿಣದ ಭಂಡಾರ ತೆಗೆದು ಅಂಗೈಲಿಟ್ಟು ಎತ್ತಿ ಆಣೆ ಮಾಡಿದರೆ ಊರೇ ತೆಪ್ಪಗೆ, ರಸ್ತೆಗೆ ಎತ್ತಿದರು, ಬಾವಿಗೆ ಎತ್ತಿದರು, ಒಂದೇ ಸೇತುವೆಗೆ ಮೂರು ಚುನಾವಣೆ ಎತ್ತಿದರು, ಸೇತುವೆ ಬರಲಿಲ್ಲ, ಅಪ್ಪನ ಅಂಗೈ ಹಳದಿ ಚಿತೆಯಲ್ಲೂ ಹೋಗಲಿಲ್ಲ — ಈಗ ತನ್ನ ಅಂಗೈಯಲ್ಲೂ ಅದೇ ಭಂಡಾರ, ಎತ್ತಿಯೂ ಆಯಿತು, ಅಂಬುಬಾಯಿ ನಗುತ್ತಾಳೆ, ಯಾರ ಮುಂದ ಎತ್ತಾಕತ್ತೀರಿ ಸಾವ್ಕಾರ್ರ, ನಮ್ಮ ಮಾವ ಐವತ್ತಾರನೇ ಇಸ್ವಿದಾಗ ನಾಗಪುರಕ್ಕ ಹೋಗಿ ಬೌದ್ಧ ದೀಕ್ಷಾ ತಗೊಂಡು ಬಂದಾಗೇ ಜಗಲಿ ಮ್ಯಾಲಿನ ದೇವರನ್ನೆಲ್ಲ ತೆಗದೀವಿ, ಈ ಮನ್ಯಾಗ ಅದು ಬ್ಯಾಳಿಗಿ ಹಾಕೂ ಅರಿಷಿಣ ಅದರಿ — ಜೀಪಿನ ಪಕ್ಕದಲ್ಲಿ ಸೋದರಮಾವ ಬಸವಣಪ್ಪ ಕೆಮ್ಮುತ್ತಾನೆ, ಅವನ ಹಿಂದೆ ಐದಾರು ಜಮೀನುದಾರರ ಬಿಳಿ ಟೋಪಿ, ತಾನು ಎಂಥ ವಕೀಲ, ಯಾರ ಮನೆಗೆ ಯಾವ ಸಾಕ್ಷಿ ಒಯ್ಯಬೇಕೆಂದು ತಿಳಿಯದವನು, ಮುಷ್ಟಿಯೊಳಗೆ ಭಂಡಾರ ಬೆವರಿಗೆ ಕಲಸಿ ಮುದ್ದೆಯಾಗುತ್ತಿದೆ, ಆಣಿ ಬ್ಯಾಡ್ರಿ, ಎನ್ನುತ್ತಾಳೆ ಆಕೆ, ಸುಮ್ಮ ಬಾಯಿಲೆ ಹೇಳ್ರಿ, ನಮ್ಮ ಮನಿಯವ್ರ ಜಬಾನಿ ಬರದವ್ರು ಯಾರು — ಆ ಹೇಳಿಕೆ, ಎಪ್ಪತ್ತಾರು, ಬಸವಕಲ್ಯಾಣ, ಉಳುವವನಿಗೆ ಹೊಲ ಕೊಡುವ ಮಂಡಳಿ, ಅದರ ಮುಂದೆ ವಕೀಲರು ನಿಲ್ಲಕೂಡದೆಂದು ಕಾನೂನು, ಒಳಗೆ ಸದಸ್ಯರಾಗಿ ಅಪ್ಪ, ಹೊರಗೆ ಬೇವಿನ ಮರದ ಕೆಳಗೆ ಮಗ, ಕಾನೂನನ್ನು ಇಬ್ಬರೂ ಮುರಿಯಲಿಲ್ಲ, ಅಂಬುಬಾಯಿಯ ಗಂಡ ಮಚ್ಚೇಂದ್ರ ಕೈಕಟ್ಟಿ ನಿಂತಿದ್ದ, ಏನ್ ಬರದೀರಿ ಸಾಹೇಬ್ರ, ನಿನಗ ಹೊಲ ಬರೂಹಂಗ ಬರದೀನಿ, ಒತ್ತು, ಬರೆದದ್ದು ಮಾತ್ರ ಬೇರೆ, ಬಸವಣಪ್ಪನವರ ಹೊಲದಲ್ಲಿ ನಾನು ಗೇಣಿದಾರನಲ್ಲ, ದಿನಗೂಲಿ, ಮಚ್ಚೇಂದ್ರ ಒತ್ತಿದ, ಒತ್ತಿ ಕೈಮುಗಿದ, ಮುಗಿದ ಕೈಯಲ್ಲಿ ಹೆಬ್ಬೆಟ್ಟು ನೀಲಿ, ಮಾವನ ಹೊಲ ಮಾವನಿಗೇ ಉಳಿಯಿತು — ಹೇಳಿದರೆ ಮಾವ ಹೋದ, ಟೋಪಿಗಳೆಲ್ಲ ಹೋದವು, ಹೇಳದಿದ್ದರೆ ಈ ಓಣಿ ಹೋಯಿತು, ಸಾಯೂಮುಂದನೂ ಅದೇ ಅಂದ್ರು ಅವ್ರು, ಅಂಬುಬಾಯಿಯ ದನಿ ಏರುವುದಿಲ್ಲ, ವಕೀಲಸಾಹೇಬ್ರು ಛಲೋನೇ ಬರದಿದ್ರು, ಒಳಗ ಹೋಗಿ ನಾನೇ ಏನೋ ತಪ್ಪ ಹೇಳಿದೆನೇನೋ ಅಂತ — ವಕೀಲರ ಬಾಯಿಗೆ ಬರುವುದು ಅಭ್ಯಾಸದ ದಾರಿಯೇ, ನೋಡವ್ವಾ, ಆಗಿನ ಕಾಯ್ದೆ ಪ್ರಕಾರ, ಆಕೆ ಮೊರವನ್ನು ಗೋಡೆಗೆ ಒರಗಿಸುತ್ತಾಳೆ, ಸೆರಗು ಕೊಡವುತ್ತಾಳೆ, ಕುಡಗೋಲು ತೆಗೆದುಕೊಳ್ಳುತ್ತಾಳೆ, ಕಾಯ್ದೆ ಪ್ರಕಾರ ಮಂಡಳಿ ಮುಂದ, ಆಕೆ ಬೇಲಿ ದಾಟಿ ಜೋಳದ ಹೊಲಕ್ಕಿಳಿದಳು, ನಿಲ್ಲು ಅಂಬುಬಾಯಿ, ಮಚ್ಚೇಂದ್ರ ಏನೂ ತಪ್ಪ ಹೇಳಿಲ್ಲ, ದನಿ ಇಷ್ಟು ದೊಡ್ಡದಾದದ್ದು ಯಾವಾಗ, ಮಾವನ ಕೆಮ್ಮು ನಿಂತಿದೆ, ಟೋಪಿಗಳೆಲ್ಲ ಇತ್ತ ತಿರುಗಿವೆ, ಓಣಿಯೆಲ್ಲ ಕೇಳುತ್ತಿದೆ, ಆಕೆ ಮಾತ್ರ ತಿರುಗುತ್ತಿಲ್ಲ, ಜೋಳದ ನಡುವೆ ಸೆರಗಿನ ಅಂಚು ಅಷ್ಟೇ, ಆ ಕಾಗದದಾಗ ಅಂಬುಬಾಯಿ, ಕೂಲಿ ಅಂತ ನಾನೇ ಬರ—