ಇಂಜಿನ್ ಬಂದ್ ಮಾಡಿದ ಸಂಜೆ

ಎಂಬತ್ತಮೂರನೇ ಇಸವಿಯ ಮಂಗಳೂರಿನ ಸಿಟಿ ಬಸ್ಸುಗಳಿಗೆ ಒಂದು ಕೆಟ್ಟ ಚಾಳಿ ಇತ್ತು. ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲುವುದಿದ್ದರೂ ಇಂಜಿನ್ ಬಂದ್ ಮಾಡುವ ಹಾಗಿಲ್ಲ. ಡ್ರೈವರ್ ಆಕ್ಸಿಲರೇಟರ್ ಒತ್ತಿ ಒತ್ತಿ ಗರ್ಜಿಸಬೇಕು, ಬಸ್ಸನ್ನು ಮೊಳದಷ್ಟು ಮುಂದಕ್ಕೆ, ಮೊಳದಷ್ಟು ಹಿಂದಕ್ಕೆ ಆಡಿಸಬೇಕು. ಈಗಲೇ ಹೊರಟಿತು ಎಂದು ಜನ ಓಡಿ ಬಂದು ಹತ್ತಬೇಕು. ಗೊತ್ತಿದ್ದೂ ದಿನಾ ಮೋಸ ಹೋಗುತ್ತಿದ್ದರಲ್ಲ, ಆ ಜನರಿಗಾದರೂ ಎಂತ ಹೇಳುವುದು!

ಈ ವಿದ್ಯೆಯಲ್ಲಿ ಕಾವೂರು ಲೈನಿನ ದೇವದಾಸನನ್ನು ಮೀರಿಸುವವರಿರಲಿಲ್ಲ. ಅಪ್ಪ, ಅಜ್ಜ ಕಡಲಿಗೆ ಹೋದವರು. ಇವನು ಸ್ಟಿಯರಿಂಗ್ ಹಿಡಿದ. ತಾಯಿ ಲಕ್ಷ್ಮಕ್ಕ ದೇರೆಬೈಲ್ ಸ್ಟಾಪಿನಲ್ಲಿ ಮೀನು ಮಾರುತ್ತಿದ್ದಳು. ಒಳ್ಳೆಯ ಮರದ ನೆರಳು ಬಿಟ್ಟು, ಮಗನ ಬಸ್ಸು ನಿಲ್ಲುವಲ್ಲೇ, ಸರಿಯಾಗಿ ಸೈಲೆನ್ಸರಿನ ಹಿಂದೆ ಬುಟ್ಟಿ ಇಡುತ್ತಿದ್ದಳು. "ಇದು ನನ್ನ ಮಗನ ಬಸ್ಸು" ಎಂದು ಗಿರಾಕಿಗಳಿಗೆ ತೋರಿಸಬೇಕಲ್ಲ! ಹಾಗೆ ಹನ್ನೊಂದು ವರ್ಷ ಕೂತಳು.

ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ ಬುಟ್ಟಿ ಎತ್ತಿದರೆ ಸಾಕು, ಏದುಸಿರು. ದೇವದಾಸ ಫಳ್ನೀರಿನ ಡಾಕ್ಟರ್ ಶಶಿಪ್ರಭಾ ಅವರಲ್ಲಿಗೆ ಕರೆದುಕೊಂಡು ಹೋದ.

"ಬೀಡಿ ಉಂಟಾ?" ಡಾಕ್ಟರ್ ಕೇಳಿದರು.

"ಛೆ ಛೆ! ಅದರ ವಾಸನೆಯೇ ನನಗೆ ಆಗುವುದಿಲ್ಲ."

"ಹಾಗಾದರೆ ದಿನವಿಡೀ ಎಲ್ಲಿ ಕೂತ್ಕೊಳ್ತೀರಿ?"

ಲಕ್ಷ್ಮಕ್ಕ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರ್ ದೇವದಾಸನ ಮುಖ ನೋಡಿದರು. ಅವನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಹೆತ್ತವಳ ಮುಖಕ್ಕೆ ಹನ್ನೊಂದು ವರ್ಷ ಹೊಗೆ ಬಿಟ್ಟವನು ತಾನೇ.

"ಹಾಳಾದದ್ದು ಸರಿ ಆಗುವುದಿಲ್ಲ. ಉಳಿದದ್ದನ್ನು ಉಳಿಸ್ಬೇಕು, ದೇವದಾಸ್," ಎಂದು ಅವರು ಮೇಜಿನಿಂದ ಸಾರಿಗೆ ಆಫೀಸಿಗೆ ಬರೆದ ಒಂದು ಅರ್ಜಿ ತೆಗೆದರು. ಸ್ಟಾಪಿನಲ್ಲಿ ಇಂಜಿನ್ ನಿಲ್ಲಿಸಬೇಕು, ಕಪ್ಪು ಹೊಗೆ ಉಗುಳುವ ಬಸ್ಸು ರಿಪೇರಿಯಾಗದೆ ರಸ್ತೆಗಿಳಿಯಬಾರದು ಎಂದಿತ್ತು. "ಈ ಹೊಗೆ ಅರ್ಧ ನಮ್ಮ ಎದೆಗೆ, ಅರ್ಧ ಆಕಾಶಕ್ಕೆ. ಎರಡು ಕಡೆಯೂ ತುಂಬ್ತಾ ಉಂಟು. ರೋಗಿಗಳೆಲ್ಲ ಸಹಿ ಹಾಕಿದ್ದಾರೆ. ಡ್ರೈವರ್ ಒಬ್ಬನೂ ಇಲ್ಲ. ಇಂಜಿನ್ ನಿಲ್ಲಿಸಿದರೆ ಜನ ಹತ್ತುವುದಿಲ್ಲ ಅಂತ ಮಾಲಕರು ಹೇಳ್ತಾರೆ, ಆಫೀಸಿನವರು ನಂಬ್ತಾರೆ."

"ಬೇಡ ಮಗಾ, ಕೆಲಸ ಹೋಗ್ತದೆ," ಎಂದಳು ಲಕ್ಷ್ಮಕ್ಕ. ದೇವದಾಸ ಸಹಿ ಹಾಕಿದ.

ಸುದ್ದಿ ಮಾಲಕ ತಾರಾನಾಥ ಶೆಟ್ಟರ ಕಿವಿಗೆ ಬೀಳಲು ಎಷ್ಟು ಹೊತ್ತು! "ಆಯ್ತು ಮಾರಾಯ, ಇಂಜಿನ್ ಬಂದ್ ಮಾಡಿಯೇ ಬಸ್ಸು ತುಂಬಿಸಿ ತೋರಿಸು. ನಾಳೆ ಸಂಜೆ ದೇರೆಬೈಲಿನಲ್ಲಿ ನಾನೇ ಕೂತು ನೋಡ್ತೇನೆ. ಸಂಕಪ್ಪ ಓಡಿಸುವ ನಮ್ಮ ಇನ್ನೊಂದು ಬಸ್ಸೂ ಹಿಂದೆ ನಿಲ್ತದೆ. ಅದು ತುಂಬಿ ನಿನ್ನದು ಖಾಲಿ ಉಳಿದರೆ, ನಾಡಿದ್ದಿನಿಂದ ನೀನು ಬರುವುದು ಬೇಡ."

ಮರುದಿನ ದೇವದಾಸ ತಾಯಿಯನ್ನು ಮರದ ಕೆಳಗೆ ಕೂರಿಸಿದ. ಇಂಜಿನ್ ಬಂದ್ ಮಾಡಿದ. ಶೆಟ್ಟರು ಮುಂದಿನ ಸೀಟಿನಲ್ಲಿ ವಾಚು ನೋಡುತ್ತ ಕೂತರು. ಹಿಂದೆ ಸಂಕಪ್ಪ ಗರ್ಜಿಸಿದ್ದೇ ತಡ, ಜನ ಅತ್ತ ಓಡಿದರು. ದೇವದಾಸನ ಕಂಡಕ್ಟರ್ ಜೆರೋಮ್ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಆಗ ಲಕ್ಷ್ಮಕ್ಕ ಎದ್ದು ರಸ್ತೆಗೆ ಬಂದು, ಓಡುವವರ ಎದುರಿಗೇ ಅಡ್ಡ ನಿಂತಳು.

"ಅಲ್ಲಿಗೆ ಎಂತಕ್ಕೆ ಓಡ್ತೀರಿ? ಅದು ಹೊಗೆ ಬಿಡ್ತದೆ ಅಷ್ಟೆ, ಹೊರಡುವುದಿಲ್ಲ! ಮೊದಲು ಹೋಗುವುದು ಇದು! ಬನ್ನಿ ಅಕ್ಕಾ, ಹತ್ತಿ!"

ಕೆಮ್ಮಿದಳು. ಮತ್ತೆ ಕೂಗಿದಳು. ಅವಳ ಮೀನಿನ ಗಿರಾಕಿಗಳು ಮೊದಲು ತಿರುಗಿದರು, ಅವರ ಹಿಂದೆ ಉಳಿದವರು. ಒಂದೊಂದಾಗಿ ಸೀಟು ತುಂಬಿತು. ದೇವದಾಸ ಹಾರಿ ಇಳಿದು, "ಸಾಕಮ್ಮಾ, ನಿನ್ನ ಕಾಲು ಹಿಡೀತೇನೆ, ಸಾಕು," ಎಂದು ಅತ್ತ. ಮಾತು ಹೊರಡದೆ ಅವಳು ಅವನನ್ನು ಕೈಯಲ್ಲೇ ಬಸ್ಸಿನ ಕಡೆಗೆ ದೂಡಿದಳು.

ಶೆಟ್ಟರು ಇಳಿದು ಬಂದರು. ಎರಡು ಕೈಯಲ್ಲಿ ಸ್ಟಾಪಿನ ಕಂಬ ಹಿಡಿದು ಬಾಗಿ ನಿಂತಿದ್ದ ಲಕ್ಷ್ಮಕ್ಕನನ್ನು ನೋಡಿದರು. ಹಿಂದಿನ ಬಸ್ಸಿಗೆ ಹೋಗಿ ಬಾಗಿಲಿಗೆ ಬಡಿದರು.

"ಸಂಕಪ್ಪ, ಬಂದ್ ಮಾಡು."

ಎರಡು ಬಸ್ಸೂ ಸುಮ್ಮನಾದವು. ಅಷ್ಟು ವರ್ಷದಲ್ಲಿ ಮೊದಲ ಸಲ, ಆ ಸ್ಟಾಪಿನಲ್ಲಿ ಇದ್ದವರಿಗೆಲ್ಲ ಲಕ್ಷ್ಮಕ್ಕ ಉಸಿರೆಳೆಯುವುದು ಕೇಳಿಸಿತು.